ಗವಿಯ ಮುಂದೆ ನಿಂತ ನರಿ

ಯಾರಾದರೂ ಪ್ರಾಣಿಗಳ ನೀತಿಕತೆ ಶುರುಮಾಡಿದರೆ ನಾನು ಮೊದಲು ಹೇಳುವವರ ಮುಖ ನೋಡುತ್ತೇನೆ. ಆಮೆ ಗೆದ್ದಿತೋ ಮೊಲ ಗೆದ್ದಿತೋ, ಅದು ಆಮೇಲಿನ ಮಾತು. ಈ ಕತೆ ಈಗಲೇ ಯಾಕೆ, ನನಗೇ ಯಾಕೆ, ಹೇಳುವವರಿಗೆ ಇದರಿಂದ ಏನು ಸಿಗುತ್ತದೆ? ಇದು ಸಂಶಯದ ರೋಗ ಎಂದು ನನ್ನ ಗಂಡ ನಗುತ್ತಾರೆ. ನಗಲಿ ಬಿಡಿ. ನನ್ನನ್ನು ಓದಿಸಿದ್ದೇ ಈ ರೋಗ.

ರೋಗ ಹತ್ತಿಸಿದವನು ನನ್ನ ಸಣ್ಣ ಸೋದರಮಾವ. ನಮ್ಮದು ಬೈಲಹೊಂಗಲದ ಹತ್ತಿರದ ಹಳ್ಳಿ, ಅವ್ವನ ತವರು ರಾಮದುರ್ಗದ ಕಡೆಯ ತೊರಗಲ್. ಬೇಸಿಗೆ ರಜೆಗೆ ಸವದತ್ತಿಯಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಹೋಗುತ್ತಿದ್ದೆವು. ಸಂಜೆ ಮಾವ ಕೋಟೆಯ ಗೋಡೆಗೆ ಬೆನ್ನು ಕೊಟ್ಟು ಕುಳಿತು ಕಾಗೆ, ನರಿ, ಏಡಿ, ಕೊಕ್ಕರೆಗಳ ಕತೆ ಹೇಳುತ್ತಿದ್ದ. ಮುಗಿದ ಕೂಡಲೇ "ಇದರ ನೀತಿ ಏನ, ಹೇಳು ನೋಡೂಣು" ಅನ್ನುತ್ತಿದ್ದ. ಸರಿಯಾಗಿ ಹೇಳಿದರೆ ಕಿಸೆಯಿಂದ ಒಂದು ಹಿಡಿ ಹುರಿದ ಶೇಂಗಾ. ಅವನೆಂದರೆ ನನಗೆ ಜೀವ.

ತೊಂಬತ್ತರ ದಶಕದ ನಡುವೆ ನಾನು ಹತ್ತನೆಯ ತರಗತಿಗೆ ಬಂದೆ. ಆ ವರ್ಷ ಅವನು ನಮ್ಮೂರಿಗೆ ಬಂದಾಗಲೆಲ್ಲ ಕತೆಗಳ ದಿಕ್ಕೇ ಬದಲಾಗಿತ್ತು. ನವಿಲುಗರಿ ಸಿಕ್ಕಿಸಿಕೊಂಡ ಕಾಗೆ ಎರಡೂ ಕಡೆ ಸಲ್ಲದೆ ಹೋಯಿತು. ಪಟ್ಟಣ ನೋಡಲು ಹೋದ ಇಲಿ ಜೀವ ಉಳಿದರೆ ಸಾಕೆಂದು ಓಡಿ ಬಂತು. ಹಾರಲು ಹೋದ ಆಮೆ ಬಿದ್ದು ಸತ್ತಿತು. ಎಲ್ಲದರ ನೀತಿಯೂ ಒಂದೇ: ಇದ್ದಲ್ಲೇ ಇರು. ನಾನೋ ಬೈಲಹೊಂಗಲದ ಕಾಲೇಜಿಗೆ ಹೋಗಬೇಕೆಂದು ಹಟ ಹಿಡಿದು ಕುಳಿತವಳು.

"ಮಾಮಾ, ಈ ಕತಿ ಹೇಳಂತ ನಿನಗ ಯಾರ ಹೇಳ್ಯಾರ?" ಎಂದು ಕೇಳಿಯೇಬಿಟ್ಟೆ.

"ನಿಮ್ಮ ಆಯಿ" ಅಂದವನು ನಾಲಿಗೆ ಕಚ್ಚಿಕೊಂಡ. ಆಯಿ ಎಂದರೆ ನನ್ನ ಅಜ್ಜಿ, ಅವನ ತಾಯಿ. ಆ ಮನೆಯಲ್ಲಿ ಅವಳು ಹಾಕಿದ ಗೆರೆ ಯಾರೂ ದಾಟುತ್ತಿರಲಿಲ್ಲ.

ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವುದು ನಮ್ಮಲ್ಲಿ ಹಳೆಯ ರೂಢಿ. ದೊಡ್ಡ ಸೋದರಮಾವನಿಗೆ ನನ್ನ ದೊಡ್ಡವ್ವನ ಮಗಳನ್ನೇ ಕೊಟ್ಟಿದ್ದರು. ಅವಳನ್ನು ನಾನು ಮೊದಲಿನಿಂದ ಅಕ್ಕ ಅನ್ನುತ್ತಿದ್ದೆ, ಮದುವೆಯಾದ ಮೇಲೂ ಬಾಯಿ ತಿರುಗಲಿಲ್ಲ. ಇನ್ನು ಉಳಿದವನು ಸಣ್ಣ ಮಾವ, ಉಳಿದವಳು ನಾನು. ಲೆಕ್ಕ ಕೂಡಿಸಲು ಬಹಳ ಹೊತ್ತು ಬೇಕಾಗಲಿಲ್ಲ. "ನನ್ನ ಮಾಮಾಗ ಕೊಡಾವ್ರೇನು?" ಎಂದು ಅವ್ವನನ್ನು ಕೇಳಿದೆ. "ಯಾರಂದ್ರು? ನಾ ಅಂತೂ ಏನೂ ಮಾತಾಡಿಲ್ಲವಾ" ಎಂದು ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

ಪರೀಕ್ಷೆ ಮುಗಿದ ವಾರವೇ ಎಲ್ಲರೂ ತೊರಗಲ್ಲಿಗೆ ಹೊರಟೆವು. ಈ ಸಲ ಅಪ್ಪನೂ ಬಂದಿದ್ದ, ಅದೇ ಒಂದು ಗುಮಾನಿ. ಆಯಿಯ ಮನೆಯಲ್ಲಿ ಹೊಸ ಸೀರೆ, ಕುಪ್ಪಸದ ಖಣ, ತೆಂಗಿನಕಾಯಿ ಎಲ್ಲ ತಂದಿಟ್ಟಿದ್ದರು. ಗಂಡಿನ ಕಡೆಯವರು ಒಮ್ಮೆ ಉಡಿ ತುಂಬಿದರೆ ಹುಡುಗಿ ಆ ಮನೆಯವಳಾದಂತೆ. ಅಲ್ಲಿಂದ ಹಿಂದೆ ಸರಿದವರನ್ನು ನಾನು ಕಂಡಿರಲಿಲ್ಲ.

ಅವತ್ತು ಸಂಜೆ ಮಾವ ಎಂದಿನಂತೆ ಕೋಟೆಗೆ ಕರೆದೊಯ್ದು ಮುದಿ ಸಿಂಹದ ಕತೆ ಹೇಳಿದ. ಸಿಂಹಕ್ಕೆ ಬೇನೆಯಂತೆ, ಮಾತಾಡಿಸಲು ಪ್ರಾಣಿಗಳು ಒಂದೊಂದಾಗಿ ಗವಿಯೊಳಗೆ ಹೋದವಂತೆ. ನರಿ ಮಾತ್ರ ಹೊರಗೇ ನಿಂತಿತು. ಹೆಜ್ಜೆ ಗುರುತುಗಳೆಲ್ಲ ಒಳಗೆ ಹೋಗಿದ್ದವು, ಹೊರಗೆ ಬಂದದ್ದು ಒಂದೂ ಇರಲಿಲ್ಲ. ಅಷ್ಟು ಹೇಳಿ ಅವನು ಎದ್ದು ಬಟ್ಟೆಯ ಧೂಳು ಝಾಡಿಸಿಕೊಂಡ. ನೀತಿ ಕೇಳಲಿಲ್ಲ. ಶೇಂಗಾವೂ ಕೊಡಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಇದರಲ್ಲಿ ಇವನ ಹಿಕಮತ್ತು ಏನೋ ಇದೆ ಅನ್ನಿಸಿತು, ಏನೆಂದು ತಿಳಿಯಲಿಲ್ಲ.

ಮರುದಿನ ಬೆಳಗ್ಗೆ ನನ್ನನ್ನು ಮಣೆಯ ಮೇಲೆ ಕೂರಿಸಿದರು. ಉಡಿಯ ಸಾಮಾನಿನ ತಾಟು ಹಿಡಿದು ಅಕ್ಕ ಎದುರಿಗೆ ಬಂದಳು. ಆಗಷ್ಟೇ ಸಾರಿಸಿದ ನೆಲ, ಇನ್ನೂ ಹಸಿ. ಅದರ ಮೇಲೆ ಅವಳ ಹೆಜ್ಜೆಗಳು ಒಂದೊಂದಾಗಿ ನನ್ನ ಕಡೆ ಬರುತ್ತಿದ್ದವು. ಆಗ ಗವಿ ಯಾವುದು ಎಂದು ಹೊಳೆಯಿತು.

"ಅಕ್ಕಾ, ನೀ ತವರಿಗೆ ಹೋಗಿ ಎಷ್ಟ ವರ್ಷಾತು?"

"ಹೊಲಾ ಮನಿ ಬಿಟ್ಟು ಹೆಂಗ ಹೋಗ್ತಾಳ? ಸುಮ್ನ ಕುಂಡ್ರು" ಎಂದಳು ಆಯಿ.

"ಐದ ವರ್ಷ" ಎಂದಳು ಅಕ್ಕ. "ಅಪ್ಪಗ ಆರಾಮ ಇಲ್ಲದಾಗೂ ಕಳಸಲಿಲ್ಲ." ತಾಟನ್ನು ನನ್ನ ಮುಂದೆ ಹಿಡಿಯದೆ ನೆಲಕ್ಕೆ ಇಟ್ಟುಬಿಟ್ಟಳು.

ನಾನು ಎದ್ದು ನಿಂತೆ. "ನಾ ಉಡಿ ತುಂಬಿಸ್ಕೊಳ್ಳೂದಿಲ್ಲ. ಸಾಲಿ ಕಲೀತೇನಿ." ಆಯಿ ಬೈದಳು, ಅವ್ವ ಅತ್ತಳು. ಅಪ್ಪ ಟೋಪಿ ತಲೆಗಿಟ್ಟುಕೊಂಡು "ನಡಿ, ಬಸ್ಸಿನ ಹೊತ್ತಾತು" ಎಂದ.

ಮುಂದಿನ ವರ್ಷ ಮಾವ ತಾನೇ ಮೆಚ್ಚಿದ ರಾಮದುರ್ಗದ ಹುಡುಗಿಯನ್ನು ಮದುವೆಯಾದ. ಸುದ್ದಿ ಕೇಳಿ ಮೈಯೆಲ್ಲ ಉರಿಯಿತು. ಹಾಗಾದರೆ ಆ ಕತೆ ನನಗೋಸ್ಕರ ಅಲ್ಲ! ತಾನು ತಾಯಿಗೆ ಎದುರಾಡಲಾರದೆ ನನ್ನ ಬಾಯಿಂದ ಒಲ್ಲೆ ಅನ್ನಿಸಿದ, ಪುಕ್ಕಲು ಮನುಷ್ಯ. ಈ ಸಿಟ್ಟನ್ನು ಕಾಲೇಜು ಮುಗಿಯುವವರೆಗೂ, ಅದರಾಚೆಗೂ ಸಾಕಿಕೊಂಡೆ.

ಎರಡು ಸಾವಿರದ ಇಸವಿಯ ಈಚೆಗೆ ನಾನು ಕಿತ್ತೂರಿನ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಮಾವ ಒಂದು ದಿನ ಮನೆಗೆ ಬಂದ. ಚಹಾ ಕೊಟ್ಟು ನೇರವಾಗಿ ಕೇಳಿದೆ. "ಅವತ್ತ ಆ ಕತಿ ನನ್ನ ಸಲುವಾಗಿ ಹೇಳಿದ್ಯೋ, ನಿನ್ನ ಸಲುವಾಗಿ ಹೇಳಿದ್ಯೋ?"

ಅವನು ಕಿಸೆಯಿಂದ ಶೇಂಗಾ ತೆಗೆದು ನನ್ನ ಮುಂದೆ ಸುರಿದ. "ಗವಿ ಮುಂದ ನಿಂತಿದ್ದು ಒಂದೇ ನರಿ ಅಂತ ತಿಳಕೊಂಡಿದ್ದೇನು?"

ಇಷ್ಟು ವರ್ಷದ ಸಿಟ್ಟು ನಗುವಾಗಿ ಹೊರಬಂತು. ಇಬ್ಬರೂ ಶೇಂಗಾ ಸುಲಿಯುತ್ತ ಕುಳಿತೆವು. ಸ್ವಲ್ಪ ಹೊತ್ತಿನ ಮೇಲೆ, "ಅಕ್ಕ ಹೆಂಗದಾಳ?" ಎಂದು ಕೇಳಿದೆ.

ಮಾವ ಸುಲಿದ ಸಿಪ್ಪೆಗಳನ್ನು ಒಂದು ಬದಿಗೆ ಸರಿಸಿದ.

"ಅಲ್ಲೇ ಅದಾಳ" ಎಂದ.