ಕೊಡದೇ ಉಳಿದ ಲಸಿಕೆ

ಅವರ ಬಲಗೈ ಹೆಬ್ಬೆರಳು ಸದಾ ಊದಿಕೊಂಡಿರುತ್ತಿತ್ತು. ವರ್ಷಗಟ್ಟಲೆ ಸಿರಿಂಜು ಒತ್ತಿ ಒತ್ತಿ ಹಾಗಾಗಿತ್ತು. ಅವರು ಕೂತು ಚಹಾ ಕುಡಿದದ್ದನ್ನು ನಾನು ನೋಡಿಲ್ಲ. ಲೋಟ ಹಿಡಿದು ವರಾಂಡದಲ್ಲಿ ತಿರುಗುತ್ತಿದ್ದರು. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಹುಟ್ಟಿ ಬೆಳೆದ ಪಶುವೈದ್ಯ ವಿಜ್ಞಾನಿ, ಅದೇ ಊರಿನ ಪ್ರಯೋಗಾಲಯದಲ್ಲಿ ನನ್ನ ಸಂಶೋಧನೆಗೆ ಗೈಡ್. ನಾವು ಮೇಡಂ ಎನ್ನುತ್ತಿದ್ದೆವು.

ಊರಿಗೆ ಊರೇ ಕಬ್ಬಿಣದ ಅದಿರಿನ ಹಿಂದೆ ಓಡುತ್ತಿದ್ದ ಕಾಲ. ನನ್ನ ಜೊತೆ ಓದಿದವರು ಲಾರಿ ಕೊಂಡಿದ್ದರು. ಮೇಡಂ ಮಾತ್ರ ಕುರಿಗಳ ನೀಲಿ ನಾಲಿಗೆ ರೋಗದ ಬೆನ್ನು ಹತ್ತಿದ್ದರು. ಅವರದು ಡಿಎನ್‌ಎ ಲಸಿಕೆ. ಅದನ್ನು ಚುಚ್ಚಿದರೆ ರೋಗಾಣುವಿನ ಒಂದು ಭಾಗವನ್ನು ಕುರಿಯ ಮೈ ತಾನೇ ತಯಾರಿಸಿ, ಅದರ ವಿರುದ್ಧ ಹೋರಾಡಲು ಕಲಿಯಬೇಕು. ಇಲಿಗಳು ಕಲಿತವು. ಸಿರುಗುಪ್ಪದಲ್ಲಿದ್ದ ನಮ್ಮ ಪ್ರಯೋಗದ ಕುರಿಗಳ ರಕ್ತದಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ.

"ಇಲಿ ಮಾತು ಕೇಳ್ತೈತಿ, ಕುರಿ ಕೇಳವಲ್ದು," ಎಂದು ಗೊಣಗುತ್ತಿದ್ದರು.

ಮಳೆಗಾಲದಲ್ಲಿ ಕುರುಗೋಡಿನ ಕಡೆಯಿಂದ ಕುರಿ ಸಾಕುವ ಹೆಂಗಸೊಬ್ಬಳು ಬಂದಳು. ಪಕ್ಕದ ಹಟ್ಟಿಗೆ ರೋಗ ತಗುಲಿತ್ತು.

"ಹೊಸಾ ಸೂಜಿ ಐತಂತಲ್ರಿ ಡಾಕ್ಟ್ರಮ್ಮ. ನಮ್ಮ ಕುರಿಗೂ ಹಾಕ್ರಿ."

"ಅದಿನ್ನಾ ಕುರಿಗೆ ಹತ್ತವಲ್ದವ್ವ. ಹಾಕಿಸಿದೀನಂತ ನಂಬ್ಕೊಂಡು ನೀನು ಮೈಮರೀತಿ."

ಅಂದೇ ಅವಳ ಜೊತೆ ಬಸ್ ಹತ್ತಿದರು. ರೋಗ ಹರಡುವ ನುಸಿ ಓಡಿಸಲು ಬೇವಿನ ಹೊಗೆ ಹಾಕಿಸಿದರು, ಮಂದೆಯನ್ನು ದಿಬ್ಬಕ್ಕೆ ಹೊಡೆಸಿದರು. ಆದರೂ ವಾರ ಕಳೆಯುವಷ್ಟರಲ್ಲಿ ಅರ್ಧ ಮಂದೆ ಸತ್ತಿತ್ತು. ಅವಳು ಅಳಲಿಲ್ಲ.

"ಸೂಜಿ ಹಾಕಿದ್ರೂ ಸಾಯ್ತಿದ್ವೇನ್ರಿ?"

"ಗೊತ್ತಿಲ್ಲವ್ವ," ಎಂದರು ಮೇಡಂ.

ಆಮೇಲೆ ಅವರು ಒಂದು ಕಡೆ ನಿಲ್ಲಲೇ ಇಲ್ಲ. ಮಾಂಸಖಂಡಕ್ಕೆ ಕೊಡುತ್ತಿದ್ದ ಲಸಿಕೆಯನ್ನು ಚರ್ಮಕ್ಕೆ ಕೊಟ್ಟು ನೋಡೋಣ, ರೋಗಾಣುವನ್ನು ಗುರುತಿಸುವ ಜೀವಕೋಶಗಳು ಅಲ್ಲಿ ಹೆಚ್ಚು, ಎಂದರು. ಎರಡನೆಯ ಡೋಸಿನಲ್ಲಿ ಡಿಎನ್‌ಎ ಬದಲು ರೋಗಾಣುವಿನ ಪ್ರೋಟೀನನ್ನೇ ಕೊಡೋಣ ಎಂದರು.

"ಎರಡೂ ಒಮ್ಮೆಲೇ ಬದಲಿಸಿದ್ರ ಯಾವುದು ಹತ್ತಿತು ಅಂತ ಹೆಂಗ ತಿಳೀತದ ಮೇಡಂ?"

"ಬ್ಯಾರೆ ಬ್ಯಾರೆ ಗುಂಪು ಮಾಡು. ಸುಮ್ನ ನಿಂತೀಯಲ್ಲ ಲೇ!"

ಫಲಿತಾಂಶ ಬರುವ ಹೊತ್ತಿಗೆ ಅವರು ಆಸ್ಪತ್ರೆ ಸೇರಿದ್ದರು. ಹೊಟ್ಟೆಯ ಕ್ಯಾನ್ಸರ್. ಎರಡೂ ಬದಲಾವಣೆ ಮಾಡಿದ್ದ ಗುಂಪಿನ ಕುರಿಗಳ ರಕ್ತದಲ್ಲಿ ರೋಗ ತಡೆಯುವ ಶಕ್ತಿ ಚೆನ್ನಾಗಿ ಕಂಡಿತ್ತು. ನಂಬಿಕೆಯಾಗದೆ ಮತ್ತೊಮ್ಮೆ ಪರೀಕ್ಷಿಸಿ ಫೋನ್ ಮಾಡಿದೆ.

"ಕುರಿ ಮಾತು ಕೇಳ್ತು ಮೇಡಂ."

ಆ ಕಡೆ ಅಳು ಕೇಳಿಸಿತು. ಅದು ನಿಂತ ಮೇಲೆ ಕೇಳಿದ್ದು ಒಂದೇ ಮಾತು: "ಎಷ್ಟು ದಿನ ಉಳೀತದ ಆ ಶಕ್ತಿ?"

ಮುಂದಿನ ಮಳೆಗೆ ಮುಂಚೆಯೇ ಅವರು ತೀರಿಕೊಂಡರು. ಅಂತ್ಯಕ್ರಿಯೆ ಮುಗಿಸಿ ನಾನು ಸಿರುಗುಪ್ಪದ ಬಸ್ ಹತ್ತಿದೆ. ಆ ಶಕ್ತಿ ಇನ್ನೂ ಉಳಿದಿದೆಯೇ ಎಂದು ನೋಡಲು ಅಂದು ಆ ಕುರಿಗಳ ರಕ್ತ ತೆಗೆಯಬೇಕಿತ್ತು.