ಬಯಲಿಗೆ ನೀರು ಹೊಯ್ದವರು ಯಾರು?

ಬೆಳಕು ಹರಿಯುವ ಹೊತ್ತು. ಊರಾಚೆಯ ಬಯಲಿನಲ್ಲಿ ಮಂಡಿಯೂರಿ ಕುಳಿತ ಹೆಂಗಸೊಬ್ಬಳು ನೆಲದಲ್ಲಿ ಹೂತ ಸಲಕರಣೆಯ ವೈರು ಕಡಿದ ಇಲಿಯನ್ನು ಬೈಯುತ್ತಿದ್ದಾಳೆ. "ಇಷ್ಟು ದೊಡ್ಡ ಬಯಲಲ್ಲಿ ನಿನಗೆ ತಿನ್ನೋಕೆ ಸಿಕ್ಕಿದ್ದು ಇದೇನಾ?"

ಮಣ್ಣಿನ ತೇವ ಅಳೆಯುವ ಇಂಥ ಸಲಕರಣೆಗಳನ್ನು ನೋಡಿಕೊಳ್ಳುವುದು ಆಕೆಯ ಕೆಲಸ. ಊರಿಗೆಲ್ಲ ಆಕೆ ಮಣ್ಣಕ್ಕ. ದಾರಿಯಲ್ಲಿ ಸಿಕ್ಕವರದೆಲ್ಲ ಒಂದೇ ಪ್ರಶ್ನೆ: "ಮಣ್ಣಕ್ಕಾ, ಇವತ್ತು ಬಟ್ಟೆ ಒಣಗಿಸಬಹುದಾ?"

"ನಾನೇನು ಮೋಡದ ಮನೆ ಸೊಸೆನಾ?" ಎಂದು ಸಿಡುಕುತ್ತಾಳೆ. ಆಮೇಲೆ ತಾನೇ ತಣ್ಣಗಾಗಿ ಬಿಡಿಸಿ ಹೇಳುತ್ತಾಳೆ: "ಒಣ ನೆಲ ಬೇಗ ಕಾಯುತ್ತೆ, ಅಲ್ಲಿನ ಗಾಳಿ ಮೇಲೇಳುತ್ತೆ. ಪಕ್ಕದಲ್ಲೇ ಹಸಿ ನೆಲ ಇದ್ರೆ ಅಲ್ಲಿಂದ ತೇವದ ಗಾಳಿ ನುಗ್ಗುತ್ತೆ. ಎಷ್ಟೋ ಸಲ ಗುಡುಗಿನ ಮೋಡ ಹುಟ್ಟೋದು ಆ ಎರಡರ ಗಡೀಲಿ."

ಹೋದ ಬೇಸಿಗೆಯಲ್ಲಿ ಒಂದು ಹನಿ ಮಳೆ ಬೀಳದಿದ್ದರೂ ಈ ಬಯಲು ಹಸಿಯಾಗಿದೆ ಎಂದು ಸಲಕರಣೆ ಹೇಳತೊಡಗಿತು. ಕೆಟ್ಟಿರಬೇಕೆಂದು ಆಕೆ ಬಿಚ್ಚಿ, ಒರೆಸಿ, ಮತ್ತೆ ಹೂತಳು. ಅಷ್ಟರಲ್ಲಿ ಹವಾಮಾನ ಕಚೇರಿಯವರು ಆ ಅಂಕಿ ನಂಬಿ, ಒಣ-ಹಸಿಯ ಗಡಿ ಹೊಳೆಯಾಚೆ ಇದೆಯೆಂದುಕೊಂಡು ಸಿಡಿಲಿನ ಎಚ್ಚರಿಕೆಯನ್ನು ಆ ಕಡೆಯವರಿಗಷ್ಟೇ ಕಳಿಸಿದ್ದರು. ಸಿಡಿಲು ಬಡಿದದ್ದು ಈಚೆ, ಊರಲ್ಲೇ. ಛಾವಣಿಗೆ ತಗಡು ಹೊದಿಸುತ್ತಿದ್ದ ಆಕೆಯ ಗಂಡ ಗಾಬರಿಯಲ್ಲಿ ಧುಮುಕಿ ಕಾಲು ಮುರಿದುಕೊಂಡ.

ಮರುದಿನ ಮುಂಜಾನೆ ಗುಟ್ಟು ರಟ್ಟಾಯಿತು. ಕೈಯಲ್ಲಿ ಬಕೆಟ್ ಹಿಡಿದು ಬಯಲಿನಲ್ಲಿ ನಿಂತಿದ್ದವರು ಆಕೆಯ ಮಾವ, ನಿವೃತ್ತ ತೋಟಗಾರ.

"ಏನ್ ಮಾವ ಇದು?"

"ನೆಲ ಬಿರುಕು ಬಿಟ್ಟಿತ್ತಮ್ಮ. ನೀನು ದಿನಾ ಬಂದು ನೋಡ್ತೀಯಲ್ಲ, ಏನೋ ನೆಟ್ಟಿದ್ದೀಯ ಅಂದ್ಕೊಂಡೆ."

"ಮದುವೆಯಾಗಿ ಬಂದಾಗಿಂದ ಇದೇ ಕೆಲಸ ಮಾಡ್ತಿದ್ದೀನಲ್ಲ ಮಾವ! ಒಂದಿನಾನೂ ಕೇಳಲಿಲ್ವಲ್ಲ!"

ಮಗನ ಕಾಲಿಗೂ ತನ್ನ ಬಕೆಟ್ಟಿಗೂ ನಂಟಿದೆಯೆಂದು ತಿಳಿದ ಮುದುಕರು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಆಕೆ ಕಚೇರಿಗೆ ಇದ್ದದ್ದು ಇದ್ದಂತೆ ಹೇಳಿ ಚೆನ್ನಾಗಿ ಉಗಿಸಿಕೊಂಡಳು. ಮನೆಗೆ ಬಂದು ಮಾವನಿಗೆ ಊಟ ಬಡಿಸಿ, "ಉಣ್ಣಿ ಮೊದಲು. ನಿಮ್ಮನ್ನೂ ರಮಿಸ್ತಾ ಕೂರೋಕೆ ನಂಗೆ ಪುರುಸೊತ್ತಿಲ್ಲ" ಎಂದಳು.

ಕಾಲು ಕೂಡಿದ ಗಂಡ ಈಗ ಮತ್ತೆ ತಗಡಿನ ಕೆಲಸಕ್ಕೆ ಹೋಗುತ್ತಾನೆ. ಮೊನ್ನೆ ಎಚ್ಚರಿಕೆ ಬಂದ ಕೂಡಲೇ ಆಕೆ ಫೋನ್ ಮಾಡಿದಳು.

"ಮೋಡಾನೇ ಇಲ್ಲ ಅಂತ ಗೊಣಗ್ತಾ ಇಳಿದ್ರು. ಒಳಗೆ ಕಾಲಿಡೋದಕ್ಕೂ ಸಿಡಿಲು ಹೊಡೆಯೋದಕ್ಕೂ ಸರಿಹೋಯ್ತು," ಎನ್ನುತ್ತಾಳೆ ಮಣ್ಣಕ್ಕ. "ಮನೆಗೆ ಬಂದು ಒಂದು ಒಳ್ಳೆ ಮಾತಾಡಿದ್ರು ಅಂದ್ಕೊಂಡ್ರಾ? ಅರ್ಧ ದಿನದ ಕೆಲಸ ಹಾಳಾಯ್ತು ಅಂತ ನನ್ನನ್ನೇ ಬೈದ್ರು. ಬೈಲಿ. ಬೈಯೋಕೆ ಇದ್ದಾರಲ್ಲ."