ಹತ್ತನೇ ಗಜದ ಗೆರೆ

ಕೀಚ್... ಕೀಚ್... ಕೀಚ್.

ಗುರುವಾರ ಬೆಳಗ್ಗೆ ಏಳೂವರೆಗೆ ಲಿಪೋವಾ ಊರಿಗೆಲ್ಲ ಆ ಸದ್ದು ಕೇಳಿಸಿತು. ಶಾಲೆಯ ಅಮೆರಿಕನ್ ಫುಟ್‌ಬಾಲ್ ಮೈದಾನದಲ್ಲಿ ವರ್ಲಿನ್ ಕುಡರ್ನಾ ಬಿಳಿ ಗೆರೆ ಎಳೆಯುವ ಬಣ್ಣದ ಗಾಡಿ ತಳ್ಳುತ್ತಿದ್ದ. ಚಕ್ರಕ್ಕೆ ಒಂದು ತೊಟ್ಟು ಎಣ್ಣೆ ಬಿಡು ಎಂದು ಅವನಿಗೆ ಹೇಳದವರೇ ಇಲ್ಲ. ಅವನು ಬಿಡಲಿಲ್ಲ. ಚಕ್ರದ ಒಂದು ಸುತ್ತಿಗೆ ಒಂದು ಕೀಚ್; ನಲವತ್ತೆಂಟು ಕೀಚ್‌ಗೆ ಮೈದಾನದ ಈ ಬದಿಯಿಂದ ಆ ಬದಿಗೆ ಒಂದು ಗೆರೆ. ಎಣಿಕೆ ತಪ್ಪಿದರೆ ಗೆರೆ ತಪ್ಪಿದೆ ಎಂದೇ ಲೆಕ್ಕ. ಅವತ್ತು ಹತ್ತನೇ ಗಜದ ಗೆರೆಗೆ ಮಾತ್ರ ಅವನು ದಾರವನ್ನು ಮೂರು ಸಲ ಬಿಗಿದು ನೋಡಿದ.

ಕೆಲಸ ಮುಗಿಸಿ ಡೊರೀನ್‌ಳ ಕೆಫೆಗೆ ಹೋದಾಗ ಮೈಲೊ ವ್ರಬ್ಕಾ ಕಾಯುತ್ತಿದ್ದ. ಇಬ್ಬರೂ ಒಂದೇ ತರಗತಿಯಲ್ಲಿ ಓದಿದವರು.

"ಬಂದ್ರಪ್ಪಾ, ಒಂದು ಗಜ ಸಾಹೇಬ್ರು! ಗೆರೆ ನೆಟ್ಟಗೈತೇನೋ?"

"ನಿನ್ನ ಸೊಂಟಕ್ಕಿಂತ ನೆಟ್ಟಗಿದೆ ಕಣೋ."

"ನನ್ನ ಸೊಂಟ ಬಿಡು. ಆ ಹಾಳು ಆಟ ಹುಡುಗರಿಗೆ ಕಲಿಸಿದ್ದೀಯಂತೆ? ಅವರಿಗೂ ಒಂದು ಗಜ ಅಂತ ಹೆಸರಿಡಬೇಕಾ?"

"ಸುಮ್ನಿರು ಮೈಲೊ, ತಿನ್ನೋ ಹೊತ್ನಲ್ಲಿ," ಎಂದು ಡೊರೀನ್ ಗದರಿಸಿ ವರ್ಲಿನ್‌ನ ಮುಂದೆ ಕೊಲಾಚಿ ಬನ್ನಿನ ತಟ್ಟೆ ಇಟ್ಟಳು. ವರ್ಲಿನ್ ಕೊಲಾಚಿಯನ್ನು ಮುರಿದು, ನಡುವಿನ ಗಸಗಸೆಯನ್ನು ಮೊದಲು ತಿಂದ.

ಆ ಹೆಸರಿಗೆ ನಲವತ್ತೊಂದು ವರ್ಷ. ಹದಿನೇಳರ ವರ್ಲಿನ್ ಎದುರಾಳಿ ಕಿಕ್ ಮಾಡಿದ ಚೆಂಡನ್ನು ಕೈಯಲ್ಲಿ ಹಿಡಿದು ಬಲಗಡೆಗೆ ಓಡಿದ್ದ. ಎಲ್ಲರೂ ಅವನ ಮೇಲೆ ಮುಗಿಬಿದ್ದಾಗ ಹತ್ತನೇ ಗಜದ ಗೆರೆಯ ಮೇಲೆ ಕಾಲೂರಿ ಚೆಂಡನ್ನು ಎಡಬದಿಗೆ ಎಸೆದ. ಅಲ್ಲಿ ಒಬ್ಬನೇ ನಿಂತಿದ್ದ ಮೈಲೊ ಅದನ್ನು ಹಿಡಿದು ಕೊನೆಯ ಗೆರೆಯಾಚೆಗೂ ಓಡಿದ. ಅವನ ಬದುಕಿನ ಒಂದೇ ಒಂದು ಟಚ್‌ಡೌನ್, ಆರು ಅಂಕ. ಆದರೆ ಹುಲ್ಲಿನ ಮೇಲೆ, ತಪ್ಪಾಯಿತೆಂದು ಸಾರುವ ರೆಫ್ರಿಯ ಹಳದಿ ಬಟ್ಟೆ ಬಿದ್ದಿತ್ತು. ಹಾಗೆ ಎಸೆಯುವಾಗ ಚೆಂಡು ಅಡ್ಡಕ್ಕೆ ಹೋಗಬಹುದು, ಹಿಂದಕ್ಕೆ ಹೋಗಬಹುದು, ಮುಂದಕ್ಕೆ ಹೋಗುವಂತಿಲ್ಲ. ಒಂದು ಗಜ ಮುಂದೆ ಹೋಗಿತ್ತು. ಟಚ್‌ಡೌನ್ ರದ್ದಾಯಿತು, ಲಿಪೋವಾ ಸೋತಿತು, ವರ್ಲಿನ್‌ಗೆ ಹೆಸರು ಅಂಟಿತು.

ಮರುದಿನ ಬೆಳಗ್ಗೆ ನಡೆದದ್ದು ಮಾತ್ರ ಊರಿಗೆ ಗೊತ್ತಿಲ್ಲ. ನಿದ್ದೆಗೆಟ್ಟ ಹುಡುಗ ದಾರದ ಉಂಡೆ ಹಿಡಿದು ಒಬ್ಬನೇ ಮೈದಾನಕ್ಕೆ ಹೋಗಿ ಹತ್ತನೇ ಗಜವನ್ನು ಅಳೆದ. ತಾನು ಎಸೆದ ಬಲಬದಿಯಲ್ಲಿ ಗೆರೆ ಸರಿಯಾಗಿತ್ತು. ಮೈಲೊ ಹಿಡಿದ ಎಡಬದಿಗೆ ಹೋಗುವಷ್ಟರಲ್ಲಿ ಪೂರಾ ಒಂದು ಗಜ ಹಿಂದಕ್ಕೆ ವಾಲಿತ್ತು. ಅವನ ಕೈ ನೆಟ್ಟಗೇ ಎಸೆದಿತ್ತು, ಗೆರೆ ಸೊಟ್ಟಗಿತ್ತು.

ಗೆರೆ ಹಾಕಿದವನು ಶಾಲೆಯ ಜವಾನ ಎಮಿಲ್ ಕುಡರ್ನಾ, ಅವನ ಅಪ್ಪ. ಎಮಿಲ್‌ನ ಕಣ್ಣಿಗೆ ಪೊರೆ ಬರುತ್ತಿತ್ತು. ತಿಳಿದರೆ ಕೆಲಸ ಹೋಗುತ್ತದೆಂದು ಅವನು ಮನೆಯಲ್ಲೂ ಬಾಯಿಬಿಟ್ಟಿರಲಿಲ್ಲ. ಆ ಬೆಳಗ್ಗೆ ಶಾಲೆಯ ಮೆಟ್ಟಿಲ ಮೇಲೆ ಪೊರಕೆ ಹಿಡಿದು ನಿಂತು, "ನಂಗ್ಯಾಕೋ ನೀನು ಸರಿಯಾಗೇ ಎಸೆದೆ ಅನ್ಸುತ್ತೆ ಕಣೋ ಮಗ," ಎಂದಿದ್ದ.

ವರ್ಲಿನ್ ದಾರವನ್ನು ಜೇಬಿಗೆ ತುರುಕಿಕೊಂಡು, "ಇಲ್ಲಪ್ಪ, ಕೈ ಜಾರ್ತು," ಎಂದ.

ಮುಂದಿನ ವಾರದಿಂದ ಅಪ್ಪನ ಜೊತೆ ದಾರ ಹಿಡಿಯಲು ತಾನೂ ಹೋದ. ಹೆಸರನ್ನು ಹೊತ್ತುಕೊಂಡೇ ಮದುವೆಯಾದ, ಅಪ್ಪನ ಕೆಲಸಕ್ಕೆ ಸೇರಿದ, ಅಪ್ಪನನ್ನು ಮಣ್ಣು ಮಾಡಿದ. ಸುತ್ತಲಿನ ಊರುಗಳಲ್ಲೆಲ್ಲ ಅಷ್ಟು ನೆಟ್ಟನೆಯ ಗೆರೆಗಳಿರುವ ಮೈದಾನ ಇನ್ನೊಂದಿಲ್ಲ ಎಂದು ರೆಫ್ರಿಗಳೇ ಹೇಳುತ್ತಿದ್ದರು.

ಈ ವಾರ, ಸೋಮವಾರ, ಕೋಚ್ ರಾಸ್ಮುಸೆನ್ ಅವನನ್ನು ಹುಡುಕಿಕೊಂಡು ಬಂದಿದ್ದ. ಮೂವತ್ತು ದಾಟಿದ್ದರೂ ಮುಖದಲ್ಲಿ ಇನ್ನೂ ಹುಡುಗತನವಿತ್ತು.

"ವರ್ಲಿನ್, ನಿಮ್ಮ ಆ ಆಟ ನಮ್ಮ ಹುಡುಗರಿಗೆ ಹೇಳಿಕೊಡ್ತೀರಾ?"

"ಅದು ಸೋತ ಆಟ."

"ಗುರುವಾರ ಆಡೋಕೆ ಬರೋ ಎಲ್ಮ್ ಫೋರ್ಡ್‌ನೋರು ಒಬ್ಬೊಬ್ಬರೂ ನಮ್ಮೋರಿಗಿಂತ ಮೂವತ್ತು ಪೌಂಡ್ ಜಾಸ್ತಿ. ನೇರಕ್ಕೆ ಓಡಿದ್ರೆ ನೆಲಕ್ಕೆ ಹಾಕಿ ಉಜ್ಜಿಬಿಡ್ತಾರೆ. ಮೋಸ ಅಲ್ಲದ ಒಂದು ಮೋಸ ಬೇಕು ನಂಗೆ."

ವರ್ಲಿನ್ ಆಗುವುದಿಲ್ಲ ಎಂದ. ಇನ್ನೊಂದು ಸಲ ಆ ಬಟ್ಟೆ ಬಿದ್ದರೆ ಊರು ಅವನ ಗೋರಿಯ ಕಲ್ಲಿನ ಮೇಲೂ ಅದೇ ಹೆಸರು ಕೆತ್ತಿಸುತ್ತಿತ್ತು. ಮಂಗಳವಾರ ಮಾತ್ರ ಅವನ ಕಾಲು ತಾನಾಗಿ ಅಭ್ಯಾಸದ ಕಡೆ ನಡೆಯಿತು. ಇಷ್ಟು ವರ್ಷ ಎಳೆದ ಗೆರೆಗಳನ್ನು ನಂಬಿ ಯಾರೂ ಏನನ್ನೂ ಎಸೆದಿರಲಿಲ್ಲ. ತಾನಾದರೂ ನಂಬಬೇಡವೇ?

ಎಸೆಯುವವನು ಕಾಲ್ಟನ್. ಹಿಡಿಯುವವನು ಈಲೈ, ಯಾವಾಗಲೂ ಈಗ ತಾನೇ ಎದ್ದು ಬಂದಂತೆ ಕಾಣುವ ಹುಡುಗ.

"ನಾನೇನ್ ಮಾಡ್ಬೇಕು ಸರ್?" ಎಂದ ಈಲೈ.

"ಏನೂ ಮಾಡ್ಬೇಡ. ಗೇಟು ತೆಗೆಯೋದನ್ನ ಕಾಯೋ ಹಸು ನೋಡಿದ್ದೀಯಲ್ಲ? ಹಾಗೆ ನಿಂತ್ಕೋ."

"ಅದಿವನಿಗೆ ಹುಟ್ಟಿನಿಂದ ಬಂದದ್ದು," ಎಂದು ಕಾಲ್ಟನ್ ನಕ್ಕ.

"ನೀನು ನಗಬೇಡ. ನಿನ್ನ ಕಣ್ಣನ್ನ ನಂಬಬೇಡ, ಗೆರೇನ ನಂಬು. ಹತ್ತರ ಮೇಲೆ ಕಾಲಿಡು, ಗೆರೆಯ ಗುಂಟ ಎಸಿ. ಗೆರೆಗೆ ನಾನು ಜವಾಬ್ದಾರಿ."

ಗುರುವಾರ ಮಧ್ಯಾಹ್ನ ಮೂರಕ್ಕೆ ಪಂದ್ಯ; ಸಣ್ಣ ಶಾಲೆಗಳ ಆಟವಾದ್ದರಿಂದ ಕಡೆಗೆ ಎಂಟೇ ಮಂದಿ, ಮೈದಾನ ಎಂಬತ್ತೇ ಗಜ. ಗೆದ್ದವರು ಮುಂದಿನ ಸುತ್ತಿಗೆ, ಸೋತವರು ಮನೆಗೆ. ಜೋಳದ ಕೊಯ್ಲು ಮುಗಿದಿದ್ದರಿಂದ ಊರಿಗೆ ಊರೇ ಬಂದು, ಮೈದಾನದ ಸುತ್ತ ಪಿಕಪ್ ಟ್ರಕ್ಕುಗಳನ್ನು ಮೂತಿ ಒಳಗಾಗಿ ನಿಲ್ಲಿಸಿಕೊಂಡು ಕೂತಿತ್ತು. ಮೈಲೊ ಎಡ ಅಂಚಿನಲ್ಲಿ ಅಳತೆಯ ಸರಪಳಿ ಹಿಡಿದು ನಿಂತಿದ್ದ. ವರ್ಷಗಳಿಂದ ಅದು ಅವನ ಪಾಲಿನ ಕೆಲಸ. ಸರಪಳಿ ಹಿಡಿದವರು ಯಾವ ಕಡೆಗೂ ಕೂಗುವಂತಿಲ್ಲ.

ಇನ್ನು ಒಂದೇ ನಿಮಿಷ ಇರುವಾಗ ಎಲ್ಮ್ ಫೋರ್ಡ್ ಟಚ್‌ಡೌನ್ ಹೊಡೆದು ಮೂವತ್ತು–ಇಪ್ಪತ್ತೆಂಟರಿಂದ ಮುಂದೆ ಹೋಯಿತು. ಇನ್ನು ಅವರು ಕಿಕ್ ಮಾಡಬೇಕು. ಕೋಚ್ ತಿರುಗಿ ವರ್ಲಿನ್‌ನ ಕಡೆ ನೋಡಿದ. ವರ್ಲಿನ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಅಷ್ಟೇ.

ಚೆಂಡು ಮೇಲೆದ್ದಿತು. ಕಾಲ್ಟನ್ ಐದನೇ ಗಜದಲ್ಲಿ ಹಿಡಿದು ಬಲಕ್ಕೆ ಓಡಿದ. ಸಂಗಾತಿಗಳು ಅವನ ಮುಂದೆ ಗೋಡೆಯಂತೆ ಓಡಿದರು. ಎಲ್ಮ್ ಫೋರ್ಡ್‌ನ ಎಂಟೂ ಮಂದಿ ಆ ಗೋಡೆಯ ಮೇಲೆ ಬಂದು ಬಿದ್ದರು. ಎಡ ಅಂಚಿನಲ್ಲಿ ಈಲೈ ಸೊಂಟಕ್ಕೆ ಕೈಕೊಟ್ಟು, ಗೇಟು ಕಾಯುವ ಹಸುವಾಗಿ, ಮೋಡ ನೋಡುತ್ತಿದ್ದ.

ಕಾಲ್ಟನ್ ಕೆಳಗೆ ನೋಡಿದ. ಹತ್ತರ ಬಿಳಿಯ ಮೇಲೆ ಕಾಲಿಟ್ಟ. ತಿರುಗಿ ಎಸೆದ.

ಚೆಂಡು ಮೈದಾನದ ಅಗಲವನ್ನೆಲ್ಲ ದಾಟಿಕೊಂಡು ಹೋಯಿತು. ಅದರ ಕೆಳಗೇ, ಅದರ ನೆರಳಿನಂತೆ, ವರ್ಲಿನ್‌ನ ಗೆರೆಯೂ ಹೋಯಿತು. ಈಲೈ ಅದನ್ನು ಎದೆಗೆ ಹಿಡಿದಾಗ ಅವನ ಶೂ ಬಿಳಿಗಿಂತ ಒಂದು ಗೇಣು ಹಿಂದಿತ್ತು. ಅಲ್ಲೇ ಇದ್ದ ರೆಫ್ರಿ ಗೆರೆ ನೋಡಿದ. ಗೆರೆಯ ಗುಂಟ ಆಚೆ ತುದಿಯವರೆಗೂ ನೋಡಿದ. ಅವನ ಕೈ ಸೊಂಟದ ಹಳದಿ ಬಟ್ಟೆಯವರೆಗೆ ಹೋಯಿತು.

ವರ್ಲಿನ್ ಪಕ್ಕದಲ್ಲಿದ್ದ ಬಣ್ಣದ ಗಾಡಿಯ ಹಿಡಿಯನ್ನು ಬಿಗಿಯಾಗಿ ಹಿಡಿದ.

ಕೈ ಖಾಲಿ ವಾಪಸಾಯಿತು. ರೆಫ್ರಿ ಈಲೈನ ಹಿಂದೆ ಓಡತೊಡಗಿದ.

ಮುಂದೆ ಎಪ್ಪತ್ತು ಗಜ ಖಾಲಿ ಹುಲ್ಲು. ಈಲೈಗೆ ನಿದ್ದೆ ಪೂರ್ತಿ ಬಿಟ್ಟಿತ್ತು. ಅವನು ಐವತ್ತು ಗಜ ಓಡುವಷ್ಟರಲ್ಲಿ ಮೊದಲ ಟ್ರಕ್ಕಿನ ಹಾರ್ನ್ ಮೊಳಗಿತು. ಕೊನೆಯ ಗೆರೆ ದಾಟಿದಾಗ ನೂರು ಹಾರ್ನ್‌ಗಳು ಒಟ್ಟಿಗೆ ಮೊಳಗಿ, ಧಾನ್ಯ ತುಂಬಿಡುವ ಗೋಪುರದ ಮೇಲಿನ ಪಾರಿವಾಳಗಳೆಲ್ಲ ಎದ್ದು ಹಾರಿದವು. ಎಡ ಅಂಚಿನಲ್ಲಿ ಮೈಲೊ ಸರಪಳಿ ಎಸೆದು, ಐವತ್ತೆಂಟು ವರ್ಷದ ಮೊಣಕಾಲಿನ ಮೇಲೆ ಕುಣಿಯುತ್ತಿದ್ದ. "ಮಿಸ್ಟರ್, ನೀವು ಸರಪಳಿಯವರು!" ಎಂದು ಇನ್ನೊಬ್ಬ ರೆಫ್ರಿ ಕಿರುಚಿದ. "ನನ್ನ ಟಚ್‌ಡೌನ್ ಕಣಯ್ಯಾ ಅದು! ನಂದು! ಈಗ ಬಂತು!" ಎಂದು ಮೈಲೊ ಅವನನ್ನೇ ತಬ್ಬಿಕೊಂಡ.

ಉಳಿದ ಕೆಲವು ಸೆಕೆಂಡುಗಳಲ್ಲಿ ಎಲ್ಮ್ ಫೋರ್ಡ್‌ನವರಿಂದ ಏನೂ ಆಗಲಿಲ್ಲ.

ಪಂದ್ಯ ಮುಗಿದ ಮೇಲೆ ಹುಡುಗರು ವರ್ಲಿನ್‌ನನ್ನು ಎತ್ತಲು ಬಂದರು. ಅವನು ಬಣ್ಣದ ಗಾಡಿಯನ್ನು ಅಪ್ಪಿ ಹಿಡಿದುಕೊಂಡಿದ್ದರಿಂದ ಗಾಡಿಸಮೇತ ಎತ್ತಿದರು. ಕೆಳಗಿಳಿಸಿದಾಗ ಅವನ ಅಂಗಿ ಬಿಳಿ, ಮುಖ ಕೆಂಪು. ಕಣ್ಣೊರೆಸಿಕೊಳ್ಳಲು ಹೋಗಿ ಕೆನ್ನೆಗೂ ಬಣ್ಣ ಮೆತ್ತಿಕೊಂಡಿದ್ದ.

ಗುಂಪು ಕರಗಿದ ಮೇಲೆ ಮೈಲೊ ಕುಂಟುತ್ತ ಬಂದ. ಇಬ್ಬರೂ ಹತ್ತನೇ ಗಜದ ಗೆರೆಯ ಪಕ್ಕ ನಿಂತರು.

"ವರ್ಲಿನ್," ಎಂದ ಮೈಲೊ. ಎಷ್ಟು ವರ್ಷಗಳ ಮೇಲೆ ಅವನ ಬಾಯಲ್ಲಿ ಆ ಹೆಸರು!

"ಏನೋ?"

"ನಾನು ನೋಡ್ತಾನೇ ಇದ್ದೆ. ಅವತ್ತು ನೀನು ಎಸೆದಿದ್ದೂ ಹೀಗೇ. ಒಂದು ಕೂದಲೆಳೆ ವ್ಯತ್ಯಾಸ ಇಲ್ಲ."

"ಅವತ್ತು ಕೈ ಜಾರ್ತು."

"ಜಾರಲಿಲ್ಲ ಕಣೋ. ಹಿಡಿದವನು ನಾನಲ್ವಾ?" ಮೈಲೊ ಗೆರೆಯ ಗುಂಟ ಆಚೆ ತುದಿಯವರೆಗೂ ನೋಡಿ ನಿಧಾನವಾಗಿ ಕೇಳಿದ: "ಅವತ್ತು ಈ ಗೆರೆ ಹಾಕಿದ್ದು ಯಾರು?"

ವರ್ಲಿನ್ ಜೇಬಿನಲ್ಲಿದ್ದ ದಾರದ ಉಂಡೆಯನ್ನು ಮುಟ್ಟಿ ನೋಡಿಕೊಂಡ.

"ಶಾಲೇಲಿ ಬಿಸಿಬಿಸಿ ಚಿಲಿ ಸಾರು ಬಡಿಸ್ತಿದ್ದಾರಂತೆ, ದಾಲ್ಚಿನ್ನಿ ರೋಲೂ ಇದೆ," ಎಂದ. "ನೀನು ಬರೋಷ್ಟರಲ್ಲಿ ಖಾಲಿ ಆಗುತ್ತೆ."

"ಅಯ್ಯೋ, ನಾನು ಕೇಳಿದ್ದು ಅದಲ್ಲ ಮಾರಾಯ! ನಿಮ್ಮಪ್ಪಂಗೆ ಆಗ ಕಣ್ಣು..."

ಕೀಚ್... ಕೀಚ್... ಕೀಚ್. ವರ್ಲಿನ್ ಆಗಲೇ ಗಾಡಿ ತಳ್ಳಿಕೊಂಡು ಹೊರಟಿದ್ದ, ಗೆರೆಯ ಗುಂಟ, ನೆಟ್ಟಗೆ.